ಅಳು ನಿಲ್ಲಿಸಿದ ಮಗು

1949ರಲ್ಲಿ ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಒಂದು ಪಟ್ಟಿ ಅಚ್ಚಾಯಿತು. ನಗರದ ಹೆಸರಾಂತ ಆಸ್ಪತ್ರೆಗಳು ಮಕ್ಕಳ ವಾರ್ಡಿಗೆ ತಂದೆತಾಯಿಯನ್ನು ಯಾವಾಗ ಬಿಡುತ್ತವೆ ಎಂಬುದರ ಪಟ್ಟಿ ಅದು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಚೇರಿಂಗ್ ಕ್ರಾಸ್‌ನಲ್ಲಿ ಭಾನುವಾರ ಮೂರರಿಂದ ನಾಲ್ಕು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಒಂದು ತಿಂಗಳು ಭೇಟಿಯೇ ಇಲ್ಲ. ಬೇಕಿದ್ದರೆ ಸಂಜೆ ಏಳರಿಂದ ಎಂಟರೊಳಗೆ ಬಂದು, ನಿದ್ದೆಹೋಗಿರುವ ಮಗುವಿನ ಮುಖ ನೋಡಿಕೊಂಡು ಹೋಗಬಹುದಿತ್ತು. ಲಂಡನ್ ಆಸ್ಪತ್ರೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಅಡ್ಡಗೋಡೆಯ ಆಚೆಯಿಂದ ಮಾತ್ರ ನೋಡಲು ಅವಕಾಶ. ವೆಸ್ಟ್ ಲಂಡನ್ ಆಸ್ಪತ್ರೆಯಲ್ಲಿ ಅದೂ ಇಲ್ಲ.

ಈ ನಿಯಮಗಳನ್ನು ಮಾಡಿದವರು ಕಟುಕರಲ್ಲ. ಮಕ್ಕಳ ಜೀವ ಉಳಿಸಲು ಹಗಲಿರುಳು ದುಡಿಯುತ್ತಿದ್ದ ವೈದ್ಯರು ಮತ್ತು ನರ್ಸುಗಳೇ ಅವರು. ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಒಂದು ವಾರ್ಡಿನೊಳಗೆ ದಡಾರವೋ ಗಂಟಲಮಾರಿಯೋ ಹೊಕ್ಕರೆ ಸಾಲು ಮಂಚಗಳಲ್ಲಿ ಸಾವು ಸುತ್ತಾಡುತ್ತಿತ್ತು. ಹೊರಗಿನಿಂದ ಬರುವವರು ಸೋಂಕು ತರುತ್ತಾರೆಂಬ ಭಯಕ್ಕೆ ಆಧಾರವಿತ್ತು. ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಬೇರೂರಿತ್ತು. ತಾಯಿ ಬಂದು ಹೋದ ಮೇಲೆ ಮಗು ಗಂಟೆಗಟ್ಟಲೆ ಅಳುತ್ತದೆ, ಊಟ ಬಿಡುತ್ತದೆ, ವಾರ್ಡನ್ನೆಲ್ಲ ಕದಡುತ್ತದೆ. ತಾಯಿ ಬಾರದಿದ್ದರೆ ಎರಡು ಮೂರು ದಿನದಲ್ಲಿ ಅಳು ನಿಲ್ಲುತ್ತದೆ, ಮಗು 'ಹೊಂದಿಕೊಳ್ಳುತ್ತದೆ'. ಹಾಗಾದರೆ ತಾಯಿ ಬಾರದಿರುವುದೇ ಮಗುವಿಗೆ ಒಳ್ಳೆಯದಲ್ಲವೇ? ದಿನವೂ ಕಣ್ಣೆದುರು ನಡೆಯುತ್ತಿದ್ದುದು ಹಾಗೆಯೇ ಇದ್ದುದರಿಂದ ಈ ವಾದವನ್ನು ಪ್ರಶ್ನಿಸುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

ಪ್ರಶ್ನಿಸಿದ ಕೆಲವರು ಇದ್ದರು. ಬಹಳ ಹಿಂದೆ, 1769ರಲ್ಲಿ, ಲಂಡನ್ನಿನ ಬಡ ಮಕ್ಕಳಿಗಾಗಿ ಹೊರರೋಗಿ ಔಷಧಾಲಯ ತೆರೆದ ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯರು ಮಕ್ಕಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳಲು ಒಪ್ಪಿರಲಿಲ್ಲ. ಹೆತ್ತವರಿಂದ ಕಿತ್ತುಕೊಂಡರೆ ಕಾಯಿಲೆಯ ಮಗುವಿನ ಎದೆ ಒಡೆಯುತ್ತದೆ ಎಂಬುದು ಅವರ ವಾದವಾಗಿತ್ತು. ಆದರೆ 1852ರಲ್ಲಿ ಚಾರ್ಲ್ಸ್ ವೆಸ್ಟ್ ಎಂಬ ವೈದ್ಯರು ಗ್ರೇಟ್ ಆರ್ಮಂಡ್ ಬೀದಿಯ ಒಂದು ಹಳೆಯ ಮನೆಯಲ್ಲಿ ಹತ್ತು ಮಂಚಗಳ ಮಕ್ಕಳ ಆಸ್ಪತ್ರೆ ತೆರೆದ ಮೇಲೆ ಅಂಥ ಆಸ್ಪತ್ರೆಗಳು ಬ್ರಿಟನ್ನಿನ ಊರೂರಿಗೂ ಹಬ್ಬಿದವು. ಜೀವಗಳು ಉಳಿದವು. ಹೊಸ ಆಸ್ಪತ್ರೆಗಳ ಜೊತೆಗೇ ಭೇಟಿಯ ಗಡಿಯಾರವೂ ಬಂತು. 1920ರ ದಶಕದಲ್ಲಿ ನ್ಯೂಕಾಸಲ್ ಊರಿನ ಶಿಶು ಆಸ್ಪತ್ರೆಯಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ಮಕ್ಕಳ ವೈದ್ಯರು ತಾಯಂದಿರನ್ನೂ ಜೊತೆಯಲ್ಲೇ ಉಳಿಸಿಕೊಂಡು, ಮಗುವಿನ ಆರೈಕೆಯನ್ನು ಅವರ ಕೈಯಲ್ಲೇ ಮಾಡಿಸುತ್ತಿದ್ದರು. ಅವರ ಆಸ್ಪತ್ರೆ ಹಲವು ವರ್ಷ ಒಂಟಿ ಉದಾಹರಣೆಯಾಗಿಯೇ ಉಳಿಯಿತು.

ಪರಿಸ್ಥಿತಿ ಕದಲಿದ್ದು ಎರಡನೆಯ ಮಹಾಯುದ್ಧದಿಂದ. 1939ರ ಸೆಪ್ಟೆಂಬರ್ ಮೊದಲ ಮೂರು ದಿನಗಳಲ್ಲಿ ಬಾಂಬ್ ದಾಳಿಯ ಭಯದಿಂದ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಎಷ್ಟೋ ಮಕ್ಕಳು ಕೊರಳಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು ರೈಲು ಹತ್ತಿದವರು. ಬಾಂಬಿನಿಂದ ಪಾರಾದ ಮಕ್ಕಳು ಹಳ್ಳಿಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡರು, ಮಾತು ನಿಲ್ಲಿಸಿದರು, ಅನ್ನ ಬಿಟ್ಟರು. ಮಗುವಿಗೆ ಬಾಂಬಿನ ಭಯ ದೊಡ್ಡದೋ ಅಮ್ಮನಿಂದ ದೂರವಾದ ನೋವು ದೊಡ್ಡದೋ ಎಂಬ ಪ್ರಶ್ನೆಯನ್ನು ಮೊದಲ ಬಾರಿಗೆ ಸಾವಿರಾರು ಶಿಕ್ಷಕರು, ಸಮಾಜ ಕಾರ್ಯಕರ್ತರು, ವೈದ್ಯರು ಏಕಕಾಲದಲ್ಲಿ ಎದುರಿಸಬೇಕಾಯಿತು.

1941ರ ಜನವರಿಯಲ್ಲಿ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಗೃಹ ತೆರೆದರು. ಹಣ ಅಮೆರಿಕದ ದಾನಿಗಳದ್ದು. ಕೆಲಸಕ್ಕೆ ಬಂದವರಲ್ಲಿ ಹಲವರು ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದ ಎಳೆಯ ಹೆಣ್ಣುಮಕ್ಕಳು, ತಾವೇ ಮನೆಮಾರು ಕಳೆದುಕೊಂಡವರು. ಅಲ್ಲಿ ಆನಾ ಫ್ರಾಯ್ಡ್ ಇಟ್ಟಿದ್ದ ಒಂದು ಕಟ್ಟಳೆ ಮುಂದಿನ ಇಡೀ ಕಥೆಗೆ ಬೀಜವಾಯಿತು. ಕೆಲಸದವರು ಯಾರೇ ಆಗಿರಲಿ, ಅಡುಗೆ ಮಾಡುವವರಾಗಲಿ ಬಾಯ್ಲರಿಗೆ ಇದ್ದಿಲು ಹಾಕುವವರಾಗಲಿ, ಮಕ್ಕಳ ಬಗ್ಗೆ ಕಂಡದ್ದನ್ನು ಕಾರ್ಡಿನ ಮೇಲೆ ಬರೆದಿಡಬೇಕು. ಅಭಿಪ್ರಾಯ ಬೇಡ, ಕಂಡದ್ದು ಬೇಕು. ಯಾವ ಮಗು, ಎಷ್ಟು ಹೊತ್ತಿಗೆ, ಏನು ಮಾಡಿತು, ಏನೆಂದಿತು.

ಆ ಕಾರ್ಡುಗಳಿಂದಲೇ ಶಿಶುಗೃಹದ ವ್ಯವಸ್ಥೆ ಬದಲಾಯಿತು. ಹೊಟ್ಟೆ ತುಂಬ ಊಟ, ಶುಚಿಯಾದ ಹಾಸಿಗೆ, ಪ್ರೀತಿಯಿಂದ ನೋಡಿಕೊಳ್ಳುವ ಜನ ಎಲ್ಲ ಇದ್ದರೂ ಮಕ್ಕಳು ಮಾತಿನಲ್ಲಿ ಹಿಂದುಳಿಯುತ್ತಿದ್ದರು. ಎಲ್ಲರೂ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವ ಏರ್ಪಾಡನ್ನು ಕೈಬಿಟ್ಟು, ನಾಲ್ಕೈದು ಮಕ್ಕಳಿಗೆ ಒಬ್ಬಳೇ 'ತಾಯಿ'ಯಂತೆ ಪುಟ್ಟ ಕುಟುಂಬಗಳನ್ನು ಮಾಡಲಾಯಿತು. ಮೊದಲ ಪರಿಣಾಮ ರಂಪ. ನನ್ನವಳು, ನಿನ್ನವಳಲ್ಲ ಎಂಬ ಕಿತ್ತಾಟ, ಅವಳು ಬಾಗಿಲು ದಾಟಿದರೆ ಚೀರಾಟ. ಆಮೇಲೆ ಮಾತು ಚಿಗುರಿತು, ಆಟ ಕುದುರಿತು. ಶಾಂತವಾಗಿದ್ದ ಮಕ್ಕಳು ಗಲಾಟೆಯವರಾದದ್ದು ಇಲ್ಲಿ ಚೇತರಿಕೆಯ ಲಕ್ಷಣವಾಗಿತ್ತು. ಆಸ್ಪತ್ರೆಗಳ ಲೆಕ್ಕಾಚಾರಕ್ಕೆ ಇದು ತೀರ ತಿರುಗುಮುರುಗು.

ಆ ಶಿಶುಗೃಹದಲ್ಲಿ ಬಾಯ್ಲರ್ ನೋಡಿಕೊಳ್ಳುವುದರಿಂದ ಹಿಡಿದು ರಿಪೇರಿ, ರಾತ್ರಿ ಬೆಂಕಿ ಕಾವಲಿನವರೆಗೆ ಎಲ್ಲ ಮಾಡುತ್ತಿದ್ದವರು ಜೇಮ್ಸ್ ರಾಬರ್ಟ್‌ಸನ್. ಗ್ಲಾಸ್ಗೋ ಬಳಿಯ ರದರ್‌ಗ್ಲೆನ್ ಊರಿನ ಉಕ್ಕು ಕಾರ್ಮಿಕರ ಮನೆಯ ಮಗ, 1911ರಲ್ಲಿ ಹುಟ್ಟಿದವರು, ಹದಿನಾಲ್ಕಕ್ಕೇ ಶಾಲೆ ಬಿಟ್ಟವರು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸಿದವರು. ಅವರ ಹೆಂಡತಿ ಜಾಯ್ಸ್ ಅಲ್ಲೇ ಮಕ್ಕಳ ಆರೈಕೆಯ ತರಬೇತಿ ಪಡೆಯುತ್ತಿದ್ದರು. ಕಾರ್ಡು ಬರೆಯುತ್ತ ಬರೆಯುತ್ತ ಜೇಮ್ಸ್ ಅವರ ಕಣ್ಣು ಪಳಗಿತು. ಯುದ್ಧ ಮುಗಿದ ಮೇಲೆ ಅವರು ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ತರಬೇತಿ ಪಡೆದು, 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಜಾನ್ ಬೌಲ್ಬಿ ಅವರ ಸಂಶೋಧನಾ ತಂಡ ಸೇರಿದರು. ಬೌಲ್ಬಿ ಆಗಲೇ ಕಳ್ಳತನಕ್ಕೆ ಸಿಕ್ಕಿಬಿದ್ದ 44 ಮಕ್ಕಳ ಬಾಲ್ಯವನ್ನು ಕೆದಕಿ, ಹಲವರ ಬದುಕಿನಲ್ಲಿ ಎಳವೆಯಲ್ಲೇ ತಾಯಿಯಿಂದ ದೀರ್ಘಕಾಲ ಅಗಲಿದ್ದ ಸಂಗತಿಯನ್ನು ಗುರುತಿಸಿ, 1944ರಲ್ಲಿ ಪ್ರಕಟಿಸಿದ್ದ ಮನೋವೈದ್ಯರು.

ರಾಬರ್ಟ್‌ಸನ್‌ಗೆ ಸಿಕ್ಕ ಮೊದಲ ಕೆಲಸ ಸೆಂಟ್ರಲ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೂತು ನೋಡುವುದು. ಅಲ್ಲಿನ ವೈದ್ಯರೂ ನರ್ಸುಗಳೂ ಸ್ವಾಗತಿಸಿ, ನಮ್ಮ ಮಕ್ಕಳು ಸಂತೋಷವಾಗಿದ್ದಾರೆ ಎಂದರು. ರಾಬರ್ಟ್‌ಸನ್‌ಗೆ ಕಂಡದ್ದೇ ಬೇರೆ. ಮೂರು ವರ್ಷದೊಳಗಿನ ಮಕ್ಕಳು ಬಂದ ಮೊದಲ ದಿನಗಳಲ್ಲಿ ಅತ್ತು ಕರೆದು ಬಾಗಿಲನ್ನೇ ನೋಡುತ್ತಾರೆ: ಇದು ಪ್ರತಿಭಟನೆ. ನಂತರ ಅಳು ಸಣ್ಣದಾಗುತ್ತದೆ, ಮಗು ಮಂಚದ ಮೂಲೆಯಲ್ಲಿ ಮುದುಡುತ್ತದೆ, ಯಾರಿಂದಲೂ ಏನನ್ನೂ ಕೇಳುವುದಿಲ್ಲ: ಇದು ಹತಾಶೆ. ಇನ್ನೂ ಹೆಚ್ಚು ಕಾಲ ಉಳಿದ ಮಕ್ಕಳು, ಕ್ಷಯದಂಥ ಕಾಯಿಲೆಗೆ ತಿಂಗಳುಗಟ್ಟಲೆ ಇದ್ದವರು, ಮತ್ತೆ ನಗತೊಡಗುತ್ತಾರೆ, ಬಂದವರಿಗೆಲ್ಲ ಕೈಚಾಚುತ್ತಾರೆ. ಆದರೆ ಭಾನುವಾರ ಅಮ್ಮ ಬಂದರೆ ಅವಳ ಕೈಯಲ್ಲಿರುವ ಮಿಠಾಯಿಯ ಪೊಟ್ಟಣವನ್ನು ನೋಡುತ್ತಾರೆ, ಅವಳನ್ನು ನೋಡುವುದಿಲ್ಲ. ಇದನ್ನು ಅವರು ಮೊದಲು ನಿರಾಕರಣೆ ಎಂದು ಕರೆದರು. ಮುಂದೆ ಬೌಲ್ಬಿ ಅವರ ಬರಹಗಳಲ್ಲಿ ಅದು ಕಡಿದುಕೊಂಡ ಸ್ಥಿತಿ ಎಂಬ ಅರ್ಥದ ಹೆಸರು ಪಡೆಯಿತು. ವಾರ್ಡಿನ ಭಾಷೆಯಲ್ಲಿ ಎರಡನೆಯ, ಮೂರನೆಯ ಹಂತದ ಮಕ್ಕಳೇ 'ಹೊಂದಿಕೊಂಡ' ಮಕ್ಕಳು.

ರಾಬರ್ಟ್‌ಸನ್ ಇದನ್ನು ವೈದ್ಯರೆದುರು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಭಾವುಕತೆ ಎಂದರು, ಆ ತಾಯಂದಿರು ಮುದ್ದು ಮಾಡಿ ಕೆಡಿಸಿರಬೇಕು ಎಂದರು. ಮಾತಿನಿಂದ ಆಗದ್ದನ್ನು ಕಣ್ಣಿಗೇ ತೋರಿಸಬೇಕು ಎಂದು ಅವರು ತೀರ್ಮಾನಿಸಿದರು. ಅದುವರೆಗೆ ಸಿನಿಮಾ ಕ್ಯಾಮೆರಾ ಮುಟ್ಟದಿದ್ದವರು 16 ಎಂಎಂ ಕ್ಯಾಮೆರಾ ಒಂದನ್ನು ಕೈಗೆತ್ತಿಕೊಂಡರು.

ಯಾವ ಮಗುವನ್ನು ಚಿತ್ರಿಸಬೇಕು ಎಂಬಲ್ಲಿಯೇ ತಂಡ ಎಚ್ಚರ ವಹಿಸಿತು. ಹಟಮಾರಿ ಮಗುವನ್ನು ಹುಡುಕಿ ತಂದರು ಎಂದು ಯಾರೂ ಆಡಿಕೊಳ್ಳಬಾರದೆಂದು, ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಮಕ್ಕಳ ಪಟ್ಟಿಯಿಂದ ಆಕಸ್ಮಿಕವಾಗಿ ಒಂದು ಹೆಸರನ್ನು ಆರಿಸಿದರು. ಆ ಮಗುವೇ ಲಾರಾ. ವಯಸ್ಸು ಎರಡು ವರ್ಷ ಐದು ತಿಂಗಳು. ಹೊಕ್ಕುಳ ಹರ್ನಿಯಾಕ್ಕೆ ಸಣ್ಣ ಶಸ್ತ್ರಚಿಕಿತ್ಸೆ, ಎಂಟು ದಿನದ ವಾಸ. ಚಿತ್ರೀಕರಣವೂ ಅವರಿಗೆ ಬೇಕೆನಿಸಿದಾಗ ಅಲ್ಲ, ದಿನದ ಗೊತ್ತಾದ ಹೊತ್ತಿನಲ್ಲಿ ಮಾತ್ರ. ವಾರ್ಡಿನ ಗೋಡೆ ಗಡಿಯಾರ ಚಿತ್ರದಲ್ಲಿ ಕಾಣಿಸಿಕೊಂಡು ಅದಕ್ಕೆ ಸಾಕ್ಷಿ ಹೇಳುತ್ತದೆ.

ಲಾರಾ ಅಳುಬುರುಕಿಯಲ್ಲ. ವಯಸ್ಸಿಗೆ ಮೀರಿ ತನ್ನನ್ನು ತಾನು ಬಿಗಿಹಿಡಿಯುವ ಮಗು. ಇಡೀ ಚಿತ್ರದಲ್ಲಿ ಅವಳು ರಂಪ ಮಾಡುವುದೇ ಅಪರೂಪ. ಮನೆಯಿಂದ ತಂದ ಕರಡಿ ಬೊಂಬೆಯನ್ನೂ ಒಂದು ತುಂಡು ಕಂಬಳಿಯನ್ನೂ ಅವಚಿಕೊಂಡಿರುತ್ತಾಳೆ. ಆಡುತ್ತಿದ್ದವಳು ಥಟ್ಟನೆ ಮುಖ ಎತ್ತಿ ಅಮ್ಮನನ್ನು ಕೇಳುತ್ತಾಳೆ, ತುಟಿ ನಡುಗುತ್ತದೆ, ಮತ್ತೆ ಸುಮ್ಮನಾಗುತ್ತಾಳೆ. ಅಮ್ಮ ಭೇಟಿಗೆ ಬಂದಾಗ ಓಡಿಹೋಗಿ ತಬ್ಬಿಕೊಳ್ಳುವುದಿಲ್ಲ, ಮುಖ ತಿರುಗಿಸುತ್ತಾಳೆ. ಬರಬರುತ್ತ ಆ ಮುನಿಸು ಕರಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎಂಟನೆಯ ದಿನ ಮನೆಗೆ ಹೊರಟಾಗ ತನ್ನ ಸಾಮಾನುಗಳನ್ನೆಲ್ಲ ಜೋಪಾನವಾಗಿ ಎತ್ತಿಕೊಳ್ಳುತ್ತಾಳೆ, ಅಮ್ಮ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ.

1952ರ ನವೆಂಬರಿನಲ್ಲಿ 'ಎರಡು ವರ್ಷದ ಮಗು ಆಸ್ಪತ್ರೆಗೆ ಹೋಗುತ್ತದೆ' ಎಂಬ ಅರ್ಥದ ಶೀರ್ಷಿಕೆ ಹೊತ್ತ ಈ ಚಿತ್ರವನ್ನು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಸುಮಾರು 300 ಮಂದಿ ವೈದ್ಯರು, ನರ್ಸುಗಳ ಮುಂದೆ ತೋರಿಸಲಾಯಿತು. ದೀಪ ಹತ್ತಿದೊಡನೆ ಸಭೆ ಕೆರಳಿತು. ಇದು ಮಕ್ಕಳ ವೈದ್ಯರ ಮೇಲಿನ ಅಪವಾದ ಎಂದರು. ಬೇಕೆಂದೇ ಇಂಥ ಮಗುವನ್ನು ಆರಿಸಿದ್ದಾರೆ, ಚಿತ್ರವನ್ನು ಹಿಂತೆಗೆದುಕೊಳ್ಳಬೇಕು ಎಂದರು. ಲಾರಾ ಅಷ್ಟೇನೂ ಅಳಲಿಲ್ಲವಲ್ಲ, ಚೆನ್ನಾಗಿಯೇ ಇದ್ದಾಳಲ್ಲ ಎಂದು ಅದೇ ದೃಶ್ಯಗಳನ್ನು ತೋರಿಸಿ ವಾದಿಸಿದವರೂ ಇದ್ದರು.

ಚಿತ್ರ ನೋಡಿ ಸಿಟ್ಟಾದವರಲ್ಲಿ ಡರ್ಮಾಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯರೂ ಒಬ್ಬರು. ಅವರು ತಮ್ಮ ಊರು ಅಮರ್ಶಮ್‌ಗೆ ಮರಳಿ ತಮ್ಮದೇ ವಾರ್ಡಿಗೆ ಕಾಲಿಟ್ಟರು. ಪ್ರತಿದಿನ ಸುತ್ತು ಹಾಕುತ್ತಿದ್ದ ಅದೇ ವಾರ್ಡು, ಅದೇ ಮಂಚಗಳು. ಆದರೆ ಈಗ ಮೂಲೆಯಲ್ಲಿ ಸುಮ್ಮನೆ ಕೂತ ಮಗು ಅವರ ಕಣ್ಣಿಗೆ ಬಿತ್ತು. ರಾಬರ್ಟ್‌ಸನ್ ಹೇಳಿದ್ದು ನಿಜ ಎಂದು ಅವರೇ ಮುಂದೆ ಒಪ್ಪಿಕೊಂಡರು. ವಾರ್ಡಿನ ಮುಖ್ಯ ನರ್ಸ್ ಸಿಸ್ಟರ್ ಐವಿ ಮಾರಿಸ್ ಜೊತೆ ಸೇರಿ, ಚಿಕ್ಕ ಮಕ್ಕಳ ತಾಯಂದಿರು ಬಂದು ಉಳಿಯಬಹುದು ಎಂದು ವ್ಯವಸ್ಥೆ ಮಾಡಿದರು. ರಾಬರ್ಟ್‌ಸನ್ ಎರಡನೆಯ ಚಿತ್ರವನ್ನು ತೆಗೆದದ್ದು ಅಲ್ಲಿಯೇ: ಇಪ್ಪತ್ತು ತಿಂಗಳ ಸ್ಯಾಲಿ ಅಮ್ಮನ ಜೊತೆಯಲ್ಲೇ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳುವ ಚಿತ್ರ. ಅದು 1958ರಲ್ಲಿ ಬಂತು. ಒಂದರ ಹಿಂದೆ ಒಂದು ತೋರಿಸಿದರೆ ಎರಡೂ ಚಿತ್ರಗಳ ವ್ಯತ್ಯಾಸವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಆಘಾತದ ಅರಿವು ಕೊಡುವ ತರಬೇತಿಯ ಇತಿಹಾಸದಲ್ಲಿ ಅಮರ್ಶಮ್‌ನ ಈ ಘಟನೆ ಒಂದು ತಿರುವು. ಮೆಕಾರ್ಥಿ ಅವರಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ, ಕರುಣೆಗೂ ಇರಲಿಲ್ಲ. ವೃತ್ತಿಯ ಅಭ್ಯಾಸವೇ ಅವರ ಕಣ್ಣಿಗೆ ಪರದೆಯಾಗಿತ್ತು. ನೂರಾರು ಮಕ್ಕಳ ಅಳು ಕೇಳುವವರು ಅದಕ್ಕೆ ಕಿವುಡಾಗದಿದ್ದರೆ ಕೆಲಸ ಮಾಡಲಾಗುವುದಿಲ್ಲ. ಆ ಕಿವುಡುತನವೇ ಕ್ರಮೇಣ ಜ್ಞಾನದ ವೇಷ ತೊಟ್ಟು, ಮಗು ಹೊಂದಿಕೊಂಡಿದೆ ಎಂಬ ತೀರ್ಪಾಗುತ್ತದೆ. ತರಬೇತಿ ಮಾಡಬೇಕಾದ ಕೆಲಸ ಈ ತೀರ್ಪನ್ನು ಮತ್ತೆ ತೆರೆಯುವುದು. ಉಪನ್ಯಾಸದಿಂದ ಆಗದ ಆ ಕೆಲಸವನ್ನು ಒಂದೇ ಮಗುವನ್ನು ಎಂಟು ದಿನ ಬಿಡದೆ ನೋಡುವುದರಿಂದ ರಾಬರ್ಟ್‌ಸನ್ ಸಾಧಿಸಿದರು.

ಲಾರಾಳ ಕಥೆಗೆ ಇನ್ನೊಂದು ಪುಟವಿದೆ. ಆಸ್ಪತ್ರೆಯಿಂದ ಬಂದು ತಿಂಗಳುಗಳು ಕಳೆದ ಮೇಲೆ ಅವಳ ತಂದೆತಾಯಿಗೆ ಮನೆಯಲ್ಲಿ ಆ ಚಿತ್ರ ತೋರಿಸುತ್ತಿದ್ದಾಗ ನಿದ್ದೆಯಲ್ಲಿದ್ದಾಳೆಂದುಕೊಂಡಿದ್ದ ಲಾರಾ ಎದ್ದು ಬಂದು ಕೊನೆಯ ಭಾಗವನ್ನು ನೋಡಿಬಿಟ್ಟಳು. ಮುಖ ಕೆಂಪಾಗಿ, ಆಗ ನೀನೆಲ್ಲಿದ್ದೆ ಎಂದು ಅಮ್ಮನನ್ನು ಸಿಟ್ಟಿನಿಂದ ಕೇಳಿ, ಗಟ್ಟಿಯಾಗಿ ಅತ್ತು, ಅಪ್ಪನ ಕಡೆ ತಿರುಗಿಕೊಂಡಳು. ಎಂಟು ದಿನದ ಒಂದು ಸಾಮಾನ್ಯ ಚಿಕಿತ್ಸೆ ಮಗುವಿನೊಳಗೆ ಅಷ್ಟು ಕಾಲ ಉಳಿದಿತ್ತು. ಬೌಲ್ಬಿ ತಮ್ಮ ಬರಹಗಳಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾರೆ.

ಅಷ್ಟರಲ್ಲಿ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿ 1951ರಲ್ಲಿ ಪ್ರಕಟವಾಗಿ, ಮನೆಮಠ ಕಳೆದುಕೊಂಡ ಮಕ್ಕಳ ಪಾಲನೆಯ ಬಗ್ಗೆ ಹಲವು ದೇಶಗಳಲ್ಲಿ ಚರ್ಚೆ ಎಬ್ಬಿಸಿತ್ತು. 1956ರಲ್ಲಿ ಬ್ರಿಟಿಷ್ ಸರ್ಕಾರ ಮೂಳೆ ಶಸ್ತ್ರಚಿಕಿತ್ಸಕ ಸರ್ ಹ್ಯಾರಿ ಪ್ಲ್ಯಾಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ರಾಬರ್ಟ್‌ಸನ್ ಅದರ ಮುಂದೆ ಸಾಕ್ಷ್ಯ ನುಡಿದರು, ಚಿತ್ರಗಳನ್ನು ತೋರಿಸಿದರು. 1959ರಲ್ಲಿ ಹೊರಬಂದ ವರದಿ 55 ಶಿಫಾರಸುಗಳನ್ನು ಮಾಡಿತು. ಭೇಟಿಗೆ ಸಮಯದ ಕಟ್ಟು ಇರಬಾರದು. ಐದು ವರ್ಷದೊಳಗಿನ ಮಕ್ಕಳ ಜೊತೆ ತಾಯಿಯನ್ನೂ ಸೇರಿಸಿಕೊಳ್ಳಲು ಯೋಚಿಸಬೇಕು. ವೈದ್ಯರಿಗೂ ನರ್ಸುಗಳಿಗೂ ಮಗುವಿನ ಮನಸ್ಸಿನ ಬಗ್ಗೆ ಪಾಠ ಬೇಕು. ಸರ್ಕಾರ ಒಪ್ಪಿಕೊಂಡಿತು, ಆಸ್ಪತ್ರೆಗಳಿಗೆ ಬರೆಯಿತು. ಆಸ್ಪತ್ರೆಗಳು ಕಾಗದವನ್ನು ಫೈಲಿಗೆ ಸೇರಿಸಿದವು.

ಮುಂದೂಡುತ್ತ ಹೋದ ಕೆಲಸವನ್ನು ದೂಡಿದವರು ತಾಯಂದಿರು. 1961ರಲ್ಲಿ ರಾಬರ್ಟ್‌ಸನ್ ಪತ್ರಿಕೆಯಲ್ಲಿ ಲೇಖನ ಬರೆದು, ಬಿಬಿಸಿ ಟೆಲಿವಿಷನ್‌ನಲ್ಲಿ ಚಿತ್ರದ ತುಣುಕು ತೋರಿಸಿ, ಸರ್ಕಾರಿ ವರದಿಯೇ ನಿಮ್ಮ ಪರ ಇದೆ, ಹೋಗಿ ಕೇಳಿ ಎಂದರು. ಅದೇ ವರ್ಷ ಲಂಡನ್ನಿನ ಬ್ಯಾಟರ್‌ಸಿಯಲ್ಲಿ ಕೆಲವು ಎಳೆಯ ತಾಯಂದಿರು ಒಂದು ಗುಂಪು ಕಟ್ಟಿಕೊಂಡು ಹತ್ತಿರದ ಆಸ್ಪತ್ರೆಗಳಿಗೆ ಹೋಗಿ ನಿಯಮವೇನೆಂದು ವಿಚಾರಿಸತೊಡಗಿದರು. ಅದೇ ಗುಂಪು ಬೆಳೆದು ಆಸ್ಪತ್ರೆಯಲ್ಲಿರುವ ಮಕ್ಕಳ ಕ್ಷೇಮಕ್ಕಾಗಿ ದುಡಿಯುವ ರಾಷ್ಟ್ರೀಯ ಸಂಘವಾಯಿತು. ಭೇಟಿಯ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಅದಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇತ್ತ ಜೇಮ್ಸ್ ಮತ್ತು ಜಾಯ್ಸ್ ಮುಂದಿನ ಪ್ರಶ್ನೆಗೆ ಕೈಹಾಕಿದ್ದರು. ಅಗಲಿಕೆ ತಪ್ಪದೇ ಬಂದರೆ ಅದನ್ನು ಹಗುರ ಮಾಡುವುದು ಹೇಗೆ? ತಾಯಿ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ ನಾಲ್ಕು ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಮ್ಮ ಮನೆಗೇ ಕರೆತಂದು ಸಾಕಿದರು. ಮೊದಲೇ ಮಗುವಿನ ಪರಿಚಯ ಮಾಡಿಕೊಂಡು, ಅದರ ಊಟ ನಿದ್ದೆಯ ರೂಢಿಗಳನ್ನು ಕೇಳಿ ತಿಳಿದು, ಅಮ್ಮನ ಫೋಟೊ ತೋರಿಸುತ್ತ, ಅವಳ ಬಗ್ಗೆ ಮಾತಾಡುತ್ತ. ಐದನೆಯ ಮಗು ಜಾನ್, ಹದಿನೇಳು ತಿಂಗಳಿನವನು, ಒಂಬತ್ತು ದಿನ ಒಂದು ಶಿಶುಪಾಲನಾ ಗೃಹದಲ್ಲಿದ್ದ. ಅಲ್ಲಿನ ಹುಡುಗಿಯರು ಒಳ್ಳೆಯವರೇ. ಆದರೆ ಪಾಳಿ ಬದಲಾಗುತ್ತಿತ್ತು, ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ಇಳಿಸುತ್ತಿದ್ದರು. ಜಾನ್ ಒಬ್ಬೊಬ್ಬರ ಬಳಿಗೂ ಹೋಗಿ ಪ್ರಯತ್ನಿಸಿ ಸೋತ. ಕೊನೆಗೆ ಅಮ್ಮ ಬಂದಾಗ ಅವಳ ಮಡಿಲಿನಿಂದ ಜಾರಿ ಚೀರಿದ. ಅವನನ್ನು ಕುರಿತು ಅವರು ತೆಗೆದ 1969ರ ಚಿತ್ರ ಬಾಲವಾಡಿ ಶಿಕ್ಷಕಿಯರ, ಸಮಾಜ ಕಾರ್ಯಕರ್ತರ ತರಬೇತಿಯಲ್ಲಿ ದಶಕಗಳ ಕಾಲ ಓಡಿತು. ತಪ್ಪು ಯಾವ ಕೆಲಸದಾಕೆಯದೂ ಅಲ್ಲ, ಪಾಳಿಯ ಪಟ್ಟಿಯದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಈಗ ಬಳಕೆಯಲ್ಲಿರುವ ಆಘಾತ ಎಂಬ ಪರಿಭಾಷೆ ಬಂದದ್ದು ಅಮೆರಿಕದ ಕಡೆಯಿಂದ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟದ ಒತ್ತಡದಲ್ಲಿ 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಅಲ್ಲಿನ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಜಾಗ ಸಿಕ್ಕಿತು. 1998ರಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಬಾಲ್ಯದ ಕಹಿ ಅನುಭವಗಳಿಗೂ ದೊಡ್ಡವರಾದ ಮೇಲಿನ ಹೃದ್ರೋಗ, ಕುಡಿತ, ಖಿನ್ನತೆಗಳಿಗೂ ಇರುವ ನಂಟನ್ನು ಸಾವಿರಾರು ಜನರ ಮಾಹಿತಿಯಿಂದ ತೋರಿಸಿದರು. 2014ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಆಘಾತದ ಅರಿವಿರುವ ಸೇವೆಗೆ ನಾಲ್ಕು ಲಕ್ಷಣಗಳನ್ನು ಗೊತ್ತುಮಾಡಿತು: ಆಘಾತ ಎಷ್ಟು ವ್ಯಾಪಕವೆಂದು ಅರಿಯುವುದು, ಅದರ ಗುರುತುಗಳನ್ನು ಪತ್ತೆಹಚ್ಚುವುದು, ಆ ಅರಿವಿನಂತೆ ನಡೆದುಕೊಳ್ಳುವುದು, ಸೇವೆಯೇ ಮತ್ತೊಂದು ಆಘಾತವಾಗದಂತೆ ತಡೆಯುವುದು. ನಾಲ್ಕನೆಯದನ್ನು ಓದುವಾಗ ಸೇಂಟ್ ಥಾಮಸ್ ಆಸ್ಪತ್ರೆಯ ಸಂಜೆ ಏಳು ಗಂಟೆಯ ನಿಯಮ ನೆನಪಾಗದೆ ಇರದು.

ಭಾರತದಲ್ಲಿ ಈ ಕಥೆಗೆ ಬೇರೆ ದಾರಿ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡಿನಿಂದ ತಾಯಿಯನ್ನು ಹೊರಗಿಡುವ ಮಾತೇ ಇರಲಿಲ್ಲ. ಸಾಕಷ್ಟು ನರ್ಸುಗಳಿಲ್ಲದ ಕಡೆ ಮಗುವಿಗೆ ಉಣಿಸುವುದು, ಒರೆಸುವುದು, ರಾತ್ರಿಯೆಲ್ಲ ಡ್ರಿಪ್ ಕಾಯುವುದು ತಾಯಿಯ ಪಾಲಿಗೇ ಬಂತು; ಬುತ್ತಿ ಹಿಡಿದ ಅಜ್ಜಿ ವರಾಂಡದಲ್ಲಿ ಚಾಪೆ ಹಾಸಿದಳು. ಬ್ರಿಟನ್ ಹೋರಾಡಿ ಪಡೆದದ್ದು ಇಲ್ಲಿ ಬಡತನದ ಕಾರಣಕ್ಕೆ ರೂಢಿಯಲ್ಲಿತ್ತು. ಆದರೆ ಮಗುವಿನ ಅಗಲಿಕೆ, ಭಯ, ಮೌನಗಳನ್ನು ಓದುವ ತರಬೇತಿ ಇಲ್ಲೂ ತಡವಾಗಿಯೇ ಬಂತು.

ಅದಕ್ಕೆ ದಾರಿ ತೆರೆದದ್ದು ದುರಂತಗಳು. 1984ರ ಭೋಪಾಲ್ ಅನಿಲ ದುರಂತದ ನಂತರ ಮನಸ್ಸಿನ ಗಾಯಕ್ಕೆ ಮದ್ದು ಕೊಡಬಲ್ಲ ತಜ್ಞರು ಅಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ. ಆಗ ಅಲ್ಲಿನ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ತರಬೇತಿ ಕೊಡುವ ಕೆಲಸದಲ್ಲಿ, ಅವರಿಗಾಗಿ ಕೈಪಿಡಿ ಬರೆಯುವುದರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮುಂದಾಳಾದರು. ಮುಂದೆ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯಲ್ಲಿ ನಿಮ್ಹಾನ್ಸ್ ತಂಡಗಳು ಇದೇ ದಾರಿ ಹಿಡಿದವು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಊರಿನ ಸ್ವಯಂಸೇವಕರು ತರಬೇತಿ ಪಡೆದು ಮಕ್ಕಳ ಬಳಿ ಕೂತರು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಈ ಅರಿವನ್ನು ಪೊಲೀಸ್ ಠಾಣೆಗೂ ನ್ಯಾಯಾಲಯಕ್ಕೂ ತಂದಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಕಡೆಯೋ ಪಡೆಯಬೇಕು. ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ನಡುನಡುವೆ ಬಿಡುವು ಕೊಡಬೇಕು. ಸಾಕ್ಷ್ಯ ಹೇಳಲು ಪದೇ ಪದೇ ಕರೆಸಬಾರದು. ಮಗು ನಂಬುವ ಒಬ್ಬರು ಜೊತೆಗಿರಬೇಕು. 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವಾಗಿರಬೇಕು ಎಂದಿತು. ಇಷ್ಟೆಲ್ಲ ಕಾಗದದ ಮೇಲಿದ್ದರೂ ನಡೆಸುವವರು ಮನುಷ್ಯರು. ಆದ್ದರಿಂದಲೇ 2020ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ನಿಮ್ಹಾನ್ಸ್‌ನಲ್ಲಿ 'ಸಂವಾದ್' ಕೇಂದ್ರ ಆರಂಭವಾಯಿತು. ಕಷ್ಟದಲ್ಲಿರುವ ಮಕ್ಕಳೊಂದಿಗೆ ಮಾತಾಡುವುದು ಹೇಗೆಂದು ಮಕ್ಕಳ ರಕ್ಷಣಾ ಸಿಬ್ಬಂದಿ, ಶಿಕ್ಷಕರು, ಆಪ್ತಸಮಾಲೋಚಕರು, ನ್ಯಾಯಾಂಗದವರಿಗೆ ದೇಶದುದ್ದಕ್ಕೂ ಕಲಿಸುವುದು ಅದರ ಕೆಲಸ.

ಭಾರತದ ಆಸ್ಪತ್ರೆಗಳಲ್ಲಿ ತಾಯಿಗೆ ಬಾಗಿಲು ಮುಚ್ಚಿದ್ದು ಮುಖ್ಯವಾಗಿ ಒಂದು ಕಡೆ: ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಕಾರಣ ಅದೇ ಹಳೆಯದು, ಸೋಂಕಿನ ಭಯ. ತಿಂಗಳು ತುಂಬದೆ, ತೂಕವಿಲ್ಲದೆ ಹುಟ್ಟಿದ ಕೂಸು ಗಾಜಿನ ಪೆಟ್ಟಿಗೆಯಲ್ಲಿ, ಬಾಣಂತಿ ಬೇರೊಂದು ಮಹಡಿಯ ವಾರ್ಡಿನಲ್ಲಿ. ಇದನ್ನು ಪ್ರಶ್ನಿಸಿದ ಪದ್ಧತಿ ಹುಟ್ಟಿದ್ದು 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ. ಪೆಟ್ಟಿಗೆಗಳ ಕೊರತೆಯಿಂದ ಕಂಗೆಟ್ಟ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೇ ಅಂಟಿಸಿ ಕಟ್ಟಿಸಿದರು. ಈ ಕಾಂಗರೂ ಆರೈಕೆಯನ್ನು ಜಿಲ್ಲಾ ಮಟ್ಟದಲ್ಲಿ ವ್ಯಾಪಕವಾಗಿ ಜಾರಿಗೆ ತರುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆ ಕೆಲವು ಕಡೆ ಪರೀಕ್ಷಿಸಿದಾಗ ಅವುಗಳಲ್ಲಿ ಕೊಪ್ಪಳ ಜಿಲ್ಲೆಯೂ ಒಂದಾಗಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ರಾಜ್ಯದ ಆರೋಗ್ಯ ಇಲಾಖೆಯ ಜೊತೆಗೂಡಿ ಅಲ್ಲಿ ಕೆಲಸ ಮಾಡಿದರು.

2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ಮುಂದೆ ಹೋಯಿತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ಒಂದರಿಂದ ಸುಮಾರು 1.8 ಕಿಲೊ ತೂಕದ ಕೂಸುಗಳನ್ನು ಹುಟ್ಟಿದೊಡನೆಯೇ ತಾಯಿಯ ಎದೆಗೆ ಕೊಟ್ಟು ನೋಡಿದರು. ಸ್ಥಿತಿ ಸುಧಾರಿಸುವವರೆಗೆ ಕಾದು ಕೊಟ್ಟ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ. 15.7, ಕೂಡಲೇ ಕೊಟ್ಟ ಗುಂಪಿನಲ್ಲಿ ಶೇ. 12. ಭಾರತದ ಪ್ರಯೋಗ ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಅಲ್ಲಿ ತಾಯಿಯೂ ಕೂಸೂ ಒಂದೇ ಘಟಕದಲ್ಲಿರಬೇಕಾದ್ದರಿಂದ ಶಿಶುವಿನ ಮಂಚದ ಪಕ್ಕ ತಾಯಿಯ ಮಂಚ ಬಂತು. ಸಿಸೇರಿಯನ್ ಆದ ತಾಯಿಯ ಹೊಲಿಗೆ, ರಕ್ತಸ್ರಾವ, ಬಿಪಿ ನೋಡುವುದನ್ನು ಶಿಶು ಘಟಕದ ನರ್ಸುಗಳು ಹೊಸದಾಗಿ ಕಲಿತರು.

ಇದಕ್ಕೂ ಮೊದಲೇ, 2017ರಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ನವಜಾತ ಶಿಶು ಘಟಕಗಳಲ್ಲಿ ಕುಟುಂಬದ ಪಾಲ್ಗೊಳ್ಳುವಿಕೆಗೆ ಮಾರ್ಗಸೂಚಿ ಹೊರಡಿಸಿತು. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯ ಅನುಭವವೇ ಅದಕ್ಕೆ ತಳಹದಿ. ಅದರಂತೆ ನರ್ಸ್ ತಂದೆತಾಯಿಗೆ ಕೈ ತೊಳೆಯುವುದರಿಂದ ಹಿಡಿದು ಕೂಸಿಗೆ ಹಾಲುಣಿಸುವುದು, ಬೆಚ್ಚಗಿಡುವುದು, ಅಪಾಯದ ಲಕ್ಷಣ ಗುರುತಿಸುವುದರವರೆಗೆ ಕಲಿಸಿ ಒಳಗೆ ಕರೆದುಕೊಳ್ಳಬೇಕು. ಅದು ನಿಜವಾಗಿ ನಡೆಯಬೇಕಾದರೆ ಜಿಲ್ಲಾ ಆಸ್ಪತ್ರೆಯ ಘಟಕದ ಪಕ್ಕದಲ್ಲಿ ಬಾಣಂತಿ ಮಲಗಲು ಜಾಗ, ಬಿಸಿ ಊಟ, ಶೌಚಾಲಯ, ರಾತ್ರಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಬೇಕು. ಕಟ್ಟಡದ ನಕ್ಷೆ ಬರೆಯುವಾಗಲೇ, ಹುದ್ದೆ ಮಂಜೂರು ಮಾಡುವಾಗಲೇ ಅವು ಲೆಕ್ಕಕ್ಕೆ ಬರಬೇಕು.